ಕೊರಡಣ್ಣನ ಬಲಗೈ

ಮಾರ್ಚ್ 3

ಮಾವನಿಗೆ ನಮಸ್ಕಾರ.

ಇತ್ತ ನಾನು ಕ್ಷೇಮ. ನನ್ನ ಕೈ ಮಾತ್ರ ಕ್ಷೇಮವಿಲ್ಲ. ಒಂದು ತಿಂಗಳಿಂದ ಹೇಳಿದ ಮಾತು ಕೇಳದೆ ಸುಮ್ಮನೆ ಬಿದ್ದುಕೊಂಡಿದೆ.

ವರ್ಷಕ್ಕೆ ಎರಡೇ ಕಾಗದ ಬರೆಯುವ ಸೋದರಸೊಸೆ ಮೂರನೆಯದನ್ನು ಬರೆದಿದ್ದಾಳೆಂದರೆ ಏನೋ ಕೆಲಸ ಬಿದ್ದಿರಬೇಕು ಎಂದು ನಿಮಗೆ ಗೊತ್ತಾಗಿಯೇ ಇರುತ್ತದೆ. ಹೌದು, ಬಿದ್ದಿದೆ. ಫೋನಿನಲ್ಲಿ ಕೇಳೋಣವೆಂದರೆ, ಹೋದ ವರ್ಷ ನಾನು "ಹೇಗಿದ್ದೀರಾ ಮಾವ?" ಎಂದು ಮೂರು ಸಲ ಕೂಗಿದ್ದಕ್ಕೆ ನೀವು ಮೂರು ಸಲವೂ "ಹತ್ತೂವರೆ" ಎಂದಿರಿ. ನಮ್ಮಿಬ್ಬರಿಗೂ ಕಾಗದವೇ ಗತಿ ಎಂದು ಅವತ್ತೇ ತೀರ್ಮಾನಿಸಿದೆ.

ನಮ್ಮ ಪ್ರಯೋಗಶಾಲೆಯಲ್ಲಿ ಗಾಲಿಕುರ್ಚಿಗೆ ಬಿಗಿಯುವ ಯಂತ್ರದ ಕೈಯೊಂದನ್ನು ಮಾಡುತ್ತಿದ್ದೇವೆ. ಸ್ವಂತ ಕೈ ಎತ್ತಲಾಗದವರಿಗೆ ಅದು ಲೋಟ ಹಿಡಿದು ನೀರು ಕುಡಿಸಬೇಕು. ಲೋಹದಲ್ಲಿ ಮಾಡುವ ಮೊದಲು ಅದನ್ನು ಕಂಪ್ಯೂಟರಿನೊಳಗೆ ಮಾಡಿ ನೋಡುತ್ತೇವೆ. ಅದಕ್ಕೆ ಸಿಮ್ಯುಲೇಟರ್ ಎನ್ನುತ್ತಾರೆ. ಪರದೆಯ ಮೇಲೆ ಒಂದು ಕೋಣೆ, ಕೋಣೆಯಲ್ಲಿ ಮೇಜು, ಮೇಜಿನ ಮೇಲೆ ಲೋಟ. ಲೋಟಕ್ಕೆ ಭಾರವಿದೆ, ತಳ್ಳಿದರೆ ಬೀಳುತ್ತದೆ, ನೀರೂ ಚೆಲ್ಲುತ್ತದೆ. ನೆಲ ಒರೆಸುವ ಕೆಲಸ ಮಾತ್ರ ಇಲ್ಲ. ಆ ಕೈಗೆ ಆರು ಕೀಲುಗಳು. ಯಾವ ಕೀಲು ಎಷ್ಟು ತಿರುಗಬೇಕು ಎಂದು ನಾನು ಆಜ್ಞೆ ಬರೆದು ಕಳಿಸುತ್ತೇನೆ. ಅದು ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ.

ಮೇ 30ಕ್ಕೆ ತೀರ್ಮಾನ ಮಾಡುವವರು ಬರುತ್ತಾರೆ. ಅವರ ಮುಂದೆ ಪರದೆಯ ಕೈ ಹತ್ತು ಸಲ ಲೋಟ ಎತ್ತಿ, ಒಂದು ಹನಿಯೂ ಚೆಲ್ಲದೆ ಬಾಯಿಯವರೆಗೆ ತರಬೇಕು. ತಂದರೆ ನಿಜವಾದ ಕೈ ಮಾಡಲು ಒಪ್ಪಿಗೆ. ತರದಿದ್ದರೆ ಎಲ್ಲವನ್ನೂ ಮುಚ್ಚಿ ಬೇರೆ ಕೆಲಸ ನೋಡಿಕೊಳ್ಳಬೇಕು. ನನ್ನ ಚಿಂತೆ ನನ್ನ ಕೆಲಸದ್ದಲ್ಲ. ನಮ್ಮಲ್ಲಿಗೆ ಒಬ್ಬರು ಟೀಚರಮ್ಮ ಬರುತ್ತಾರೆ. ಕತ್ತಿನ ಕೆಳಗೆ ಏನೂ ಅಲುಗುವುದಿಲ್ಲ. "ಮೂವತ್ತು ವರ್ಷ ಮಕ್ಕಳಿಗೆ ಬಾಯಾರಿಕೆ ಆದ್ರೆ ನೀವೇ ಹೋಗಿ ಕುಡೀರಿ ಅಂತ ಕಳಿಸ್ತಿದ್ದೆ. ನಾನೇ ಹೋಗಿ ಕುಡಿಯೋ ಹಾಗಾದ್ರೆ ಸಾಕಮ್ಮ" ಎಂದರು. ಅವರಿಗೆ ಹೂಂ ಎಂದುಬಿಟ್ಟಿದ್ದೇನೆ.

ಮಾವ, ಕೃತಕ ಕೈಕಾಲು ಮಾಡುವ ಕೆಲಸವನ್ನು ನೀವು ನಲವತ್ತು ವರ್ಷ ಮಾಡಿದ್ದೀರಿ. ಅಮ್ಮ ಆಸ್ಪತ್ರೆಯ ಪಾಳಿಗೆ ಹೋಗುವಾಗ ನನ್ನನ್ನು ತಮ್ಮನ ವರ್ಕ್‌ಶಾಪಿಗೆ ಬಿಟ್ಟು ಹೋಗುತ್ತಿದ್ದಳಲ್ಲ, ಆ ಬೆಂಚಿನ ಮೇಲೆ ಕೂತು ನಾನು ನೋಡಿದ್ದೆಲ್ಲ ಈಗ ಕಣ್ಣಿಗೆ ಬರುತ್ತಿದೆ. ಚರ್ಮ, ಅಂಟು, ಮರದ ಹೊಟ್ಟು ಸೇರಿದ ಆ ವಾಸನೆ. ಮೂಲೆಯ ಸ್ಟೂಲಿನ ಮೇಲೆ ನೀವು ಕಡೆದ ಮರದ ಮನುಷ್ಯ, ನಮ್ಮ ಕೊರಡಣ್ಣ, ಗಿರಾಕಿಗಳಿಗೆ ಕೀಲು ತೋರಿಸಲು ಕೈ ಚಾಚಿ ಕೂತಿರುತ್ತಿದ್ದ. ಶಾಲೆಯಿಂದ ಬಂದವಳೇ ನಾನು ಚೀಲವನ್ನು ಅವನ ಕೈಗೆ ನೇತುಹಾಕುತ್ತಿದ್ದೆ. ಹಠ ಹಿಡಿದ ಕೈಯಲ್ಲಿ ನೀವು ದೋಷ ಎಲ್ಲಿಂದ ಹುಡುಕುತ್ತಿದ್ದಿರಿ? ಬರೆದು ತಿಳಿಸಿ.

ನಿಮ್ಮ
ಗಿರಗಿಟ್ಲೆ


ಮಾರ್ಚ್ 14

ಗಿರಗಿಟ್ಲೆ,

ಕೈಗೆ ಏನಾಯಿತು? ಯಾವ ಕೈ, ಬಲವೋ ಎಡವೋ? ಒಂದು ತಿಂಗಳಿಂದ ಅಲುಗದೆ ಬಿದ್ದಿದೆ ಎನ್ನುತ್ತೀ, ಡಾಕ್ಟರಿಗೆ ತೋರಿಸದೆ ನನಗೇಕೆ ಬರೆಯುತ್ತೀ? ಮೊದಲ ತಿಂಗಳುಗಳು ಬಹಳ ಮುಖ್ಯ. ಜೋತುಬಿಡಬೇಡ, ದಿಂಬಿನ ಮೇಲೆ ಇಡು. ಮಲಗುವಾಗ ಅದರ ಮೇಲೆ ಹೊರಳಬೇಡ, ಸಿಕ್ಕಿಕೊಂಡದ್ದೂ ಗೊತ್ತಾಗುವುದಿಲ್ಲ. ಅಳಬೇಡ.

ಇಷ್ಟು ಬರೆದು, ಅಂಚೆಗೆ ಹಾಕು ಎಂದು ಎದುರಂಗಡಿ ದರ್ಜಿಯಕ್ಕನಿಗೆ ಕೊಟ್ಟೆ. ಅವಳು ನಿನ್ನ ಕಾಗದ ಈಸಿಕೊಂಡು ಪೂರ್ತಿ ಓದಿ, "ಯಜಮಾನ್ರೇ, ಒಂದನೇ ಸಾಲಿಗೇ ಗಾಬರಿ ಬಿದ್ರೆ ಹೇಗೆ? ಅದು ಕಂಪ್ಯೂಟರ್ ಕೈ. ನಿಮ್ಮ ಹುಡುಗಿ ಕೈ ಚೆನ್ನಾಗೇ ಇದೆ, ಎಷ್ಟು ಮುದ್ದಾಗಿ ಬರೆದಿದಾಳೆ ನೋಡಿ" ಎಂದಳು. ಆಮೇಲೆ ಓದಿದೆ. ಇನ್ನು ಮೇಲೆ ಕ್ಷೇಮದ ಸಾಲಿನಲ್ಲಿ ತಮಾಷೆ ಬೇಡ.

ಈಗ ಕೆಲಸದ ಮಾತು. ಕೈ ಅಲುಗದಿದ್ದರೆ ಕೈಯನ್ನು ಬೈಯಬೇಡ. ಮೊದಲು ಹುರಿ ನೋಡು. ನಾವು ಹೆಗಲ ಪಟ್ಟಿಯಿಂದ ಬೆರಳಿಗೆ ತಂತಿ ಎಳೆಯುತ್ತಿದ್ದೆವು, ನೆನಪಿದೆಯೇ? ಗಿರಾಕಿ ಹೆಗಲು ಕುಗ್ಗಿಸಿದರೆ ಬೆರಳು ತೆರೆಯಬೇಕು. ತೆರೆಯದಿದ್ದರೆ ಹತ್ತಕ್ಕೆ ಎಂಟು ಸಲ ತಂತಿಯ ಕೊಕ್ಕೆಯೇ ಸಿಕ್ಕಿಸಿರುವುದಿಲ್ಲ. ಆಜ್ಞೆ ಹೊರಟಿತೇ, ಸರಿ. ತಲುಪಿತೇ? ಅದನ್ನು ನೋಡು. ಆಮೇಲೆ ಅಳತೆ. ಆಮೇಲೆ ಬಲ. ಕೊನೆಗೆ ಮಿಕ್ಕದ್ದು.

ಇಲ್ಲಿ ನನಗೆ ಒಬ್ಬ ಗಿರಾಕಿ ಇದ್ದಾನೆ. ಅವನ ಕೈ ಇದೆ, ಚರ್ಮ ಮೂಳೆ ಎಲ್ಲ ಸರಿ ಇದೆ, ತಲೆ ಆಜ್ಞೆ ಕೊಡುತ್ತದೆ, ಕೈ ಗೋಣಿಚೀಲದ ಹಾಗೆ ಬಿದ್ದಿರುತ್ತದೆ. ಅವನಿಗಿಂತ ನಿನ್ನದು ವಾಸಿ. ನೀನು ಬಿಚ್ಚಿ ನೋಡಬಹುದು.

ಪೆನ್ನು ಸರಿಯಿಲ್ಲ. ಇಷ್ಟಕ್ಕೇ ಮೂರು ದಿನ ಹಿಡಿಯಿತು.

ಮಾವ


ಮಾರ್ಚ್ 25

ಮಾವನಿಗೆ ನಮಸ್ಕಾರ.

ಇತ್ತ ನಾನೂ ನನ್ನೆರಡು ಕೈಯೂ ಕ್ಷೇಮ. ನಿಮ್ಮನ್ನು ಹೆದರಿಸಿದ್ದಕ್ಕೆ ತಪ್ಪಾಯಿತು. ಆದರೆ ಕೈ ದಿಂಬಿನ ಮೇಲಿಡು ಎಂದು ನೀವು ಬರೆದದ್ದನ್ನು ಓದಿ ಎರಡು ದಿನ ನಗುತ್ತಿದ್ದೆ. ನಿಮಗೆ ಇದೆಲ್ಲ ಯಾವಾಗಿನಿಂದ ಗೊತ್ತು?

ಕೊಕ್ಕೆ ಸಿಕ್ಕಿಸಿರಲಿಲ್ಲ! ನಮ್ಮಲ್ಲಿ ಆಜ್ಞೆ ಕೇಳಿಸಿಕೊಳ್ಳುವ ಒಂದು ಭಾಗವಿದೆ. ಸಿಮ್ಯುಲೇಟರ್ ಶುರುವಾದ ಮೇಲೆ ಅದು ಎಚ್ಚರಗೊಳ್ಳಲು ಐದಾರು ಸೆಕೆಂಡು ಬೇಕು. ನನ್ನ ಆಜ್ಞೆ ಮೊದಲನೇ ಸೆಕೆಂಡಿಗೇ ಹೊರಟು, ಒಂದೇ ಸಲ ಕೂಗಿ, ಸುಮ್ಮನಾಗುತ್ತಿತ್ತು. ನೀವು ಕಿವಿಯ ಯಂತ್ರ ಹಾಕಿಕೊಳ್ಳುವ ಮುಂಚೆ ಊಟಕ್ಕೆ ಕರೆದ ಹಾಗೆ. ಈಗ ಅದು ಎದ್ದಿದೆಯೇ ಎಂದು ನೋಡಿ ಆಮೇಲೆ ಕಳಿಸುತ್ತೇನೆ.

ಕೈ ಎದ್ದಿತು. ಎದ್ದದ್ದೇ ಹುಚ್ಚು ಹಿಡಿದಂತೆ ಸುತ್ತಿತು. ಅಳತೆ ನೋಡು ಎಂದಿದ್ದಿರಲ್ಲ, ನೋಡಿದೆ. ಕಾಲು ಸುತ್ತು ತಿರುಗಲಿ ಎಂದು ನಾನು ತೊಂಬತ್ತು ಎಂದು ಬರೆದಿದ್ದೆ. ಅದು ಕೋನ ಅಳೆಯುವ ಕ್ರಮವೇ ಬೇರೆ. ಅದರ ಲೆಕ್ಕದಲ್ಲಿ ಕಾಲು ಸುತ್ತು ಎಂದರೆ ಒಂದೂವರೆಗಿಂತ ತುಸು ಹೆಚ್ಚು, ಅಷ್ಟೇ. ತೊಂಬತ್ತು ಎಂದರೆ ಹದಿನಾಲ್ಕು ಸುತ್ತು! ಪಾಪ, ಅದು ಹೇಳಿದ್ದನ್ನೇ ಮಾಡುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಯಿತು ನನ್ನ ಕಥೆ.

ಈಗ ಬಲದ ತೊಂದರೆ. ಬಲ ಕಡಿಮೆ ಕೊಟ್ಟರೆ ಲೋಟದ ಭಾರಕ್ಕೆ ಕೈ ಜೋಲುತ್ತದೆ. ಹೆಚ್ಚು ಕೊಟ್ಟರೆ ಗಡಗಡ ನಡುಗುತ್ತದೆ.

ಮಾವ, ಇನ್ನೊಂದು ಮಾತು. ನಿಮ್ಮ ಅಕ್ಷರ ಕೋಳಿ ಕೆದರಿದ ಹಾಗಿದೆ. ಗಿರಾಕಿಯ ಹೆಸರು ಬರೆಯಲೂ ಸ್ಕೇಲು ಇಟ್ಟು ಗೆರೆ ಎಳೆಯುತ್ತಿದ್ದವರು ನೀವು. ಸಿಟ್ಟಿನಲ್ಲಿ ಬರೆದಿರೇ? ಆ ದಿನದ ಸಿಟ್ಟು ಇನ್ನೂ ಇದೆಯೇ? ನೀವು "ಮಾವ-ಸೊಸೆ" ಎಂದು ಹೊಸ ಬೋರ್ಡು ಬರೆಸಿಕೊಂಡು ಬಂದ ದಿನವೇ ನಾನು ಓದಲು ಹೊರಡುತ್ತೇನೆ ಎಂದೆ. ನೀವು ಒಂದು ಮಾತೂ ಆಡದೆ ಬೋರ್ಡನ್ನು ಗೋಡೆಗೆ ಮುಖ ಮಾಡಿ ಬೀರುವಿನ ಹಿಂದೆ ಇಟ್ಟಿರಿ. ಹದಿನಾರು ವರ್ಷವಾಯಿತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಿಮ್ಮ
ಗಿರಗಿಟ್ಲೆ


ಏಪ್ರಿಲ್ 8

ಗಿರಗಿಟ್ಲೆ,

ನನಗೆ ಯಾವ ಸಿಟ್ಟೂ ಇಲ್ಲ. ಇಲ್ಲ ಎಂದರೆ ಇಲ್ಲ. ಮತ್ತೆ ಕೇಳಿದರೆ ಸಿಟ್ಟು ಬರುತ್ತದೆ.

ನಿಬ್ಬು ಸೊಟ್ಟಗಾಗಿದೆ. ಹೊಸದು ತರಿಸಬೇಕು. ಅಕ್ಷರ ನೋಡಬೇಡ, ಅರ್ಥ ನೋಡು.

ನಡುಕ: ಎಳೆಯುವ ಬಲ ಒಂದು, ತಡೆಯುವ ಬಲ ಇನ್ನೊಂದು. ನೀನು ಎಳೆಯುವುದನ್ನೇ ಹೆಚ್ಚಿಸುತ್ತಿದ್ದೀ. ನಮ್ಮ ಮಂಡಿಯ ಕೀಲಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಗಲದಂತೆ ಚರ್ಮದ ಬಿಲ್ಲೆ ಹಾಕುತ್ತಿದ್ದೆವು. ಅದಿಲ್ಲದಿದ್ದರೆ ಗಿರಾಕಿಯ ಕಾಲು ಹೆಜ್ಜೆಹೆಜ್ಜೆಗೂ ಟಕಟಕ ಒದೆಯುತ್ತಿತ್ತು. ಬಿಲ್ಲೆ ಕತ್ತರಿಸುವ ಕೆಲಸ ನಿನ್ನದೇ ಆಗಿತ್ತು. ಹಳೆ ಬೆಲ್ಟು ಮುಗಿದು ನನ್ನ ಹೊಸ ಚಪ್ಪಲಿಯನ್ನೇ ಕತ್ತರಿಸಿದ್ದೆ, ಮರೆತೆಯಾ? ನಿನ್ನ ಪರದೆಯೊಳಗಿನ ಕೀಲಿಗೂ ಚರ್ಮದ ಬಿಲ್ಲೆ ಇರಲೇಬೇಕು, ಏನೋ ಒಂದು ಹೆಸರಿನಲ್ಲಿ. ಹುಡುಕು.

ಆ ಗಿರಾಕಿಯ ಮನೆಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಬರುತ್ತಾಳೆ. ಮೊದಲು ಭುಜದಿಂದ ಶುರು ಮಾಡೋಣ ಎನ್ನುತ್ತಾಳೆ. ಇವನು ಉಹೂಂ, ಕೆಲಸ ಮಾಡುವುದು ಬೆರಳು, ಅಲ್ಲಿಂದಲೇ ಆಗಲಿ ಎನ್ನುತ್ತಾನೆ. ದಿನಕ್ಕೆ ಎರಡು ಗಂಟೆ ಬೆರಳನ್ನೇ ದುರುಗುಟ್ಟಿ ನೋಡುತ್ತ ಕೂತಿರುತ್ತಾನೆ. ನನ್ನ ಹಾಗೇ ಹಠಮಾರಿ.

ಕೊರಡಣ್ಣ ಚೆನ್ನಾಗಿದ್ದಾನೆ. ಬಲಗೈ ಇಲ್ಲ, ಅಷ್ಟೇ. ನೀನು ಓದಲು ಹೊರಟ ವಾರದಿಂದ ಕಾಣುತ್ತಿಲ್ಲ. ಇಲಿ ಕೊಂಡೊಯ್ದಿರಬೇಕು.

ಮಾವ


ಏಪ್ರಿಲ್ 19

ಮಾವನಿಗೆ ನಮಸ್ಕಾರ.

ಚರ್ಮದ ಬಿಲ್ಲೆ ಸಿಕ್ಕಿತು. ನಮ್ಮಲ್ಲಿ ಅದೊಂದು ಅಂಕಿ, ಅದನ್ನು ಯಾರೋ ಸೊನ್ನೆ ಎಂದಿಟ್ಟಿದ್ದರು. ಯಾರೋ ಏನು, ನಾನೇ. ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಹೋದೆ, ನಡುಕ ನಿಂತಿತು. ನಮ್ಮ ತಂಡದಲ್ಲಿ ನಿಮಗೀಗ "ಚಪ್ಪಲಿ ಮಾವ" ಎಂದು ಹೆಸರು ಬಿದ್ದಿದೆ. ಬೇಜಾರಿಲ್ಲ ತಾನೆ?

ಈಗ ಕೈ ನಡುಗುವುದಿಲ್ಲ, ಜೋಲುವುದಿಲ್ಲ, ಸುತ್ತುವುದಿಲ್ಲ. ಅದರಿಂದಲೇ ಅಸಲು ರೋಗ ಕಣ್ಣಿಗೆ ಬಿತ್ತು. ಬೆರಳು ಮುಚ್ಚು ಎಂದರೆ ಭುಜ ಬೀಸುತ್ತದೆ, ಲೋಟ ಹಾರಿ ಬೀಳುತ್ತದೆ. ಮೊಣಕೈ ಮಡಿಸು ಎಂದರೆ ಮುಂಗೈ ತಿರುಚಿಕೊಳ್ಳುತ್ತದೆ. ಒಬ್ಬರ ಹೆಸರು ಕರೆದರೆ ಇನ್ನೊಬ್ಬರು ಓಗೊಡುತ್ತಾರೆ. ನಮ್ಮಲ್ಲಿ ಮೂವರು ಕೂತು ಆಜ್ಞೆಗಳ ಅಂಕಿಗಳನ್ನು ಒಂದೊಂದಾಗಿ ನೋಡಿದೆವು. ಅಂಕಿಗಳೆಲ್ಲ ಸರಿ. ನಲವತ್ತು ದಿನ ಉಳಿದಿದೆ.

ಟೀಚರಮ್ಮ ನಿನ್ನೆ ಬಂದಿದ್ದರು. ಪರದೆಯ ಮೇಲೆ ಲೋಟ ಹಾರಿದ್ದನ್ನು ನೋಡಿ, "ನಮ್ಮ ಶಾಲೇಲಿ ಇಂಥದೇ ಒಬ್ಬ ಇದ್ದ, ಪುಸ್ತಕ ತೆಗಿ ಅಂದ್ರೆ ಕಿಟಕಿ ತೆಗೀತಿದ್ದ" ಎಂದು ನಕ್ಕರು. ಆಮೇಲೆ ಅವರ ಜೊತೆಗೆ ಬಂದವರು ಅವರಿಗೆ ನೀರು ಕುಡಿಸಿದರು. ನಾನು ಆ ಕಡೆ ನೋಡಲಿಲ್ಲ.

ನಿಮ್ಮ ಗಿರಾಕಿಗೆ ಡಾಕ್ಟರಮ್ಮ ಹೇಳಿದ ಹಾಗೆ ಕೇಳಲು ಹೇಳಿ. ಹಠಕ್ಕೂ ಒಂದು ಮಿತಿ ಬೇಡವೇ?

ನಿಮ್ಮ
ಗಿರಗಿಟ್ಲೆ


ಮೇ 10

ಮಾವ,

ಮೂರು ವಾರವಾಯಿತು, ನಿಮ್ಮ ಕಾಗದವಿಲ್ಲ. ಬೋರ್ಡಿನ ಮಾತು ಎತ್ತಿದ್ದು ನನ್ನ ತಪ್ಪು. ಅಥವಾ ನಿಮ್ಮ ಗಿರಾಕಿಯನ್ನು ಬೈದದ್ದಕ್ಕೇ? ಅಥವಾ ಚಪ್ಪಲಿ ಮಾವ ಎಂದದ್ದಕ್ಕೇ?

ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಕೈಯ ಮೇಲೆ ಬೇಡ. ಇನ್ನು ಇಪ್ಪತ್ತು ದಿನ ಉಳಿದಿದೆ. ನನಗೆ ಏನೂ ತೋಚುತ್ತಿಲ್ಲ. ಹದಿನಾರು ವರ್ಷದಲ್ಲಿ ಮೊದಲ ಸಲ ನಿಮ್ಮ ಬೆಂಚಿನ ಮೇಲೆ ಬಂದು ಕೂರಬೇಕು ಅನಿಸುತ್ತಿದೆ.

ಗಿರಗಿಟ್ಲೆ


ಮೇ 15

ಗಿರಗಿಟ್ಲೆ,

ಊರಲ್ಲಿರಲಿಲ್ಲ. ನಿನ್ನ ಎರಡೂ ಕಾಗದ ಒಟ್ಟಿಗೇ ಓದಿದೆ.

ಉದ್ದ ಬರೆಯಲಾರೆ. ಒಂದೇ ಪ್ರಶ್ನೆ. ಆರು ಕೀಲು ಎಂದೆಯಲ್ಲ, ಅವಕ್ಕೆ ನಂಬರು ಹಾಕಿದ್ದು ಯಾರು? ನೀನೋ, ಆ ಯಂತ್ರವೋ? ಇಬ್ಬರೂ ಹಾಕಿದ್ದರೆ, ಇಬ್ಬರೂ ಒಂದೇ ತುದಿಯಿಂದ ಶುರು ಮಾಡಿದ್ದೀರಾ?

ಕೊರಡಣ್ಣನ ಕೈ ಇದ್ದಿದ್ದರೆ ನೋಡಿ ಹೇಳಬಹುದಿತ್ತು. ಇಲಿಗೆ ಕೇಳು.

ಮಾವ


ಮೇ 21

ಮಾವ,

ಇಲಿ ತಪ್ಪೊಪ್ಪಿಕೊಳ್ಳುತ್ತಿದೆ.

ಕೊರಡಣ್ಣನ ಬಲಗೈ ನನ್ನ ಮೇಜಿನ ಮೇಲಿದೆ. ಹದಿನಾರು ವರ್ಷದಿಂದ ನಾನು ಇದ್ದ ಎಲ್ಲ ಕೋಣೆಗಳ ಎಲ್ಲ ಮೇಜುಗಳ ಮೇಲೂ ಅದು ಇತ್ತು. ಹೊರಡುವ ಬೆಳಿಗ್ಗೆ ನೀವು ಹಿಂದಿನ ಕೋಣೆಯಲ್ಲಿ ಅಂಟು ಕಾಯಿಸುತ್ತಿದ್ದಿರಿ. ನಾನು ಭುಜದ ತಿರುಪು ಬಿಚ್ಚಿ, ಕೈಯನ್ನು ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಕೊಂಡೆ. ಕೇಳಿದ್ದರೆ ನೀವು ಕೊಡುತ್ತಿದ್ದಿರೋ ಏನೋ. ಕೇಳುವ ಧೈರ್ಯವಿರಲಿಲ್ಲ.

ನಿಮ್ಮ ಕಾಗದ ಓದಿ ಅದನ್ನು ಕೈಗೆತ್ತಿಕೊಂಡೆ. ಕಾದ ತಂತಿಯಲ್ಲಿ ನೀವು ಸುಟ್ಟು ಬರೆದ ನಂಬರುಗಳು ಹಾಗೇ ಇವೆ. ಬೆರಳ ಬುಡದಲ್ಲಿ ಒಂದು. ಭುಜದಲ್ಲಿ ಆರು. ಪ್ರತಿ ಶನಿವಾರ ಎಣ್ಣೆ ಬಿಡುವಾಗ ನೀವು ನನ್ನ ಕೈಲಿ ಹೇಳಿಸುತ್ತಿದ್ದಿರಲ್ಲ, "ಒಂದು ಹಿಡಿ, ಎರಡು ಬಾಗು, ಮೂರು ತಿರುಗು, ನಾಲ್ಕು ಮಡಿಸು, ಐದು ಹೊರಳು, ಆರು ಎತ್ತು." ನನಗೆ ಮಗ್ಗಿಗಿಂತ ಮೊದಲು ಬಂದದ್ದು ಅದು.

ಮಾವ, ನನ್ನ ಪಟ್ಟಿಯನ್ನು ತೆರೆದು ನೋಡಿದೆ. ಹಿಡಿ, ಬಾಗು, ತಿರುಗು, ಮಡಿಸು, ಹೊರಳು, ಎತ್ತು. ಅದೇ ಸಾಲು! ಬೆರಳಿನಿಂದ ಭುಜಕ್ಕೆ. ನಾನು ಯೋಚಿಸಿ ಬರೆದದ್ದಲ್ಲ, ಕೈ ತಾನಾಗಿ ಬರೆದದ್ದು. ಸಿಮ್ಯುಲೇಟರ್ ಹೆಸರು ನೋಡುವುದಿಲ್ಲ, ಸಾಲಿನಲ್ಲಿ ಎಷ್ಟನೆಯದು ಎಂದು ಮಾತ್ರ ನೋಡುತ್ತದೆ. ಅದರ ಎಣಿಕೆ ಭುಜದಿಂದ ಬೆರಳಿಗೆ. ನಾನು ಬೆರಳಿಗೆ ಕಳಿಸಿದ್ದು ಭುಜಕ್ಕೆ ಹೋಗುತ್ತಿತ್ತು. ನಾವು ಮೂವರೂ ಅಂಕಿಗಳನ್ನು ಪರೀಕ್ಷಿಸಿದೆವು, ಸಾಲನ್ನು ಯಾರೂ ಪರೀಕ್ಷಿಸಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಮೇಜಿನ ಮೇಲೆ ಕೈ ಇಟ್ಟುಕೊಂಡು ಮೂರು ತಿಂಗಳು ಹುಡುಕಿದೆ.

ಪಟ್ಟಿಯನ್ನು ತಲೆಕೆಳಗು ಮಾಡಿದೆ. ಕೈ ಹೋಗಿ ಲೋಟ ಹಿಡಿಯಿತು. ಎತ್ತಿತು. ಬಾಯಿಯ ಹತ್ತಿರ ತಂದು ನಿಲ್ಲಿಸಿತು. ನಾನು ಜೋರಾಗಿ ಅತ್ತುಬಿಟ್ಟೆ, ಪಕ್ಕದ ಕೋಣೆಯವರೆಲ್ಲ ಓಡಿ ಬಂದರು.

ಭುಜದಿಂದಲೇ ಏಕೆ ಎಣಿಸಬೇಕು ಎಂದು ಈಗ ನನಗೆ ಚೆನ್ನಾಗಿ ಅರ್ಥವಾಗಿದೆ. ಒಂದೊಂದು ಕೀಲೂ ಅದರ ಹಿಂದಿನ ಕೀಲಿನ ಮೇಲೆ ಸವಾರಿ ಮಾಡುತ್ತದೆ. ಬುಡ ನಿಂತರೆ ತಾನೆ ತುದಿ ಹೋಗಬೇಕಾದ ಕಡೆ ಹೋಗುವುದು? ಭುಜ ಬಿದ್ದಿರುವಾಗ ಬೆರಳಿಗೆ ಎಷ್ಟು ಆಜ್ಞೆ ಕೊಟ್ಟರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ನೀವು ಕಲಿಸಿದ್ದು ತಪ್ಪು ಎನ್ನುತ್ತಿಲ್ಲ. ಇಲ್ಲಿನ ಎಣಿಕೆ ಹೀಗೆ.

ಒಂಬತ್ತು ದಿನ ಉಳಿದಿದೆ. ಪರೀಕ್ಷೆಗಳಿವೆ. ಬರೆಯುತ್ತೇನೆ.

ನಿಮ್ಮ ಕಳ್ಳಿ,
ಗಿರಗಿಟ್ಲೆ


ಜೂನ್ 1

ಮಾವ,

ಹತ್ತಕ್ಕೆ ಹತ್ತು. ಒಂದು ಹನಿಯೂ ಚೆಲ್ಲಲಿಲ್ಲ. ನಿಜವಾದ ಕೈ ಮಾಡಲು ಒಪ್ಪಿಗೆ ಸಿಕ್ಕಿತು. ಟೀಚರಮ್ಮ ಹತ್ತನೆಯ ಸಲವನ್ನು ನೋಡಿ, "ಪಾಸು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರಿಗೆ ತಟ್ಟಲಾಗದು, ಆದ್ದರಿಂದ ಕಣ್ಣು ಮುಚ್ಚಿ ತೆರೆದರು. ನಿಮಗೆ ಮೊದಲು ತಿಳಿಸಬೇಕೆಂದು ಕೋಣೆಗೆ ಬಂದು, ಇದನ್ನು ಬರೆಯುವ ಮುನ್ನ ನಿಮ್ಮ ಕಾಗದಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿದೆ.

ಸಾಲಾಗಿ ಹರಡಿದ್ದೇ ತಪ್ಪಾಯಿತು. ಅಥವಾ ಸರಿಯಾಯಿತು.

ಹೊಸ ಗಿರಾಕಿ ಬಂದಾಗ ನೀವು ಅವರ ಕೈಲೇ ಅರ್ಜಿ ಬರೆಸುತ್ತಿದ್ದಿರಿ. ಬರೆದ ಶಾಯಿ ಅಲ್ಲಲ್ಲಿ ಬಲಕ್ಕೆ ಸವರಿ ಹೋಗಿದ್ದರೆ, ಅವರನ್ನು ಏನೂ ಕೇಳದೆ ನನಗೆ ಪಿಸುಗುಟ್ಟುತ್ತಿದ್ದಿರಿ: "ಎಡಗೈಯವನು. ಬರೆದದ್ದರ ಮೇಲೆ ಅಂಗೈ ಎಳೆದುಕೊಂಡು ಹೋಗಿದಾನೆ ನೋಡು." ಮಾವ, ಈ ವರ್ಷದ ಮೂರು ಕಾಗದಗಳಲ್ಲೂ ಶಾಯಿ ಬಲಕ್ಕೆ ಸವರಿದೆ. ಹೋದ ವರ್ಷದ ಎರಡರಲ್ಲಿ ಇಲ್ಲ.

ಯಾವಾಗಿನಿಂದ, ಮಾವ?

ದಿಂಬಿನ ಮೇಲಿಡು ಎಂದು ಬರೆದದ್ದಕ್ಕೆ ನಾನು ಎರಡು ದಿನ ನಕ್ಕೆ. ಗೋಣಿಚೀಲದ ಹಾಗೆ ಬಿದ್ದಿರುತ್ತದೆ ಎಂದು ಬರೆದಿರಿ, ನಾನು ಅದನ್ನು ಬಿಟ್ಟು ಕೊಕ್ಕೆಯ ಮಾತನ್ನು ಮಾತ್ರ ಓದಿಕೊಂಡೆ. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದೆ. ನನಗೆ ನಾಚಿಕೆಯಾಗುತ್ತಿದೆ, ನಿಮ್ಮ ಮೇಲೆ ಸಿಟ್ಟೂ ಬರುತ್ತಿದೆ. ನೀವು ಊರಲ್ಲಿರಲಿಲ್ಲವಂತೆ. ವರ್ಕ್‌ಶಾಪು ಬಿಟ್ಟು ಬೀದಿಯ ಕೊನೆಯವರೆಗೂ ಹೋಗದವರು ಎಲ್ಲಿಗೆ ಹೋಗಿದ್ದಿರಿ? ಒಬ್ಬಳೇ ಸೊಸೆ ನಾನು, ನನಗೆ ಹೇಳಬಾರದು ಅನಿಸಿತೇ?

ರಜೆ ಹಾಕಿದ್ದೇನೆ. 14ನೇ ತಾರೀಕು ಬರುತ್ತೇನೆ, ಒಂದು ತಿಂಗಳು ಇರುತ್ತೇನೆ. ಬೇಡ ಎಂದು ಬರೆದರೆ ಆ ಕಾಗದ ನನಗೆ ತಲುಪಲೇ ಇಲ್ಲ ಎಂದು ತಿಳಿಯಿರಿ. ಕೊರಡಣ್ಣನ ಕೈ ತರುತ್ತೇನೆ.

ನಿಮ್ಮ
ಗಿರಗಿಟ್ಲೆ


ಜೂನ್ 9

ಗಿರಗಿಟ್ಲೆ,

ಹತ್ತಕ್ಕೆ ಹತ್ತು ಎಂಬುದನ್ನು ದರ್ಜಿಯಕ್ಕನ ಕೈಲಿ ನಾಲ್ಕು ಸಲ ಓದಿಸಿದೆ. ನಾಲ್ಕನೆಯ ಸಲ ಅವಳು "ಯಜಮಾನ್ರೇ, ನನಗೆ ಬಟ್ಟೆ ಹೊಲಿಯೋದಿದೆ" ಎಂದಳು.

ಜನವರಿಯಲ್ಲಿ. ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಷ್ಷು ಕೈಯಿಂದ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಕೈ ಬರಲಿಲ್ಲ. ಕಾಲು ಉಳಿಯಿತು, ಮಾತು ಉಳಿಯಿತು, ಬಲಗೈ ಹೋಯಿತು. ಏಪ್ರಿಲಿನಲ್ಲಿ ಹಠ ಮಾಡಿ ಆ ಕೈಯಲ್ಲೇ ಲೋಟ ಎತ್ತುತ್ತೇನೆಂದು ಕುರ್ಚಿಯಿಂದ ಮುಂದಕ್ಕೆ ಬಾಗಿದವನು ಬಿದ್ದೆ. ಎಡ ಮಣಿಕಟ್ಟು ಉಳುಕಿತು. ಬರೆಯಲು ಇದ್ದ ಒಂದು ಕೈಯೂ ಇಲ್ಲದಾಯಿತು. ಆ ಮೂರು ವಾರ ನಾನು ಇದ್ದ ಊರು ಹಾಸಿಗೆ.

ಹೇಳಲಿಲ್ಲವೇಕೆ ಎಂದು ಕೇಳಿದ್ದೀ. ಹೇಳಲೆಂದೇ ಕಾಗದ ತೆಗೆದಿಟ್ಟಿದ್ದೆ. ಅಷ್ಟರಲ್ಲಿ ನಿನ್ನ ಮಾರ್ಚಿನ ಕಾಗದ ಬಂತು. ದೋಷ ಎಲ್ಲಿಂದ ಹುಡುಕುತ್ತೀರಿ ಮಾವ, ಬರೆದು ತಿಳಿಸಿ ಎಂದಿದ್ದೆ. ಎರಡು ತಿಂಗಳಿಂದ ಬಂದವರೆಲ್ಲ ನನ್ನನ್ನು ಉಂಡಿರಾ, ಮಲಗಿದಿರಾ, ಔಷಧಿ ತಗೊಂಡಿರಾ ಎಂದು ಕೇಳುತ್ತಿದ್ದರು. ಕೆಲಸದ ಮಾತು ಕೇಳಿದವಳು ನೀನೊಬ್ಬಳೇ. ಕೈ ಬಿದ್ದಿದೆ ಎಂದು ಬರೆದಿದ್ದರೆ ನೀನೂ ಉಂಡಿರಾ ಎಂದು ಕೇಳುತ್ತಿದ್ದೆ. ಕೆಲಸ ಬಿಟ್ಟು ಓಡಿ ಬರುತ್ತಿದ್ದೆ, ಆ ಟೀಚರಮ್ಮನ ಲೋಟ ಹಾಗೇ ಮೇಜಿನ ಮೇಲೆ ಉಳಿಯುತ್ತಿತ್ತು. ನನಗೆ ಮೇಸ್ತ್ರಿಯಾಗಿ ಇನ್ನೊಂದಿಷ್ಟು ದಿನ ಇರಬೇಕಿತ್ತು. ಇದ್ದೆ. ಸುಖವಾಗಿತ್ತು.

ಕೈ ಕದ್ದವಳು ನೀನು ಎಂಬುದು ಅವತ್ತೇ ಗೊತ್ತಿತ್ತು. ತಿರುಪು ಬಿಚ್ಚಿ ಡಬ್ಬಿಯಲ್ಲಿ ಹಾಕಿಟ್ಟು ಹೋಗುವ ಇಲಿ ಎಲ್ಲಿಯಾದರೂ ಉಂಟೇ? ಕೆಲಸ ಬಿಟ್ಟು ಹೋದಳು ಎಂದು ಮೊದಲ ದಿನ ಸಿಟ್ಟಿತ್ತು. ಕೈ ಇಲ್ಲದ್ದು ನೋಡಿದ ಮೇಲೆ, ಕೆಲಸವನ್ನು ಜೊತೆಗೇ ತೆಗೆದುಕೊಂಡು ಹೋಗಿದ್ದಾಳೆ ಅನಿಸಿತು. ಅದನ್ನು ನಿನಗೆ ಹೇಳದೆ ಹದಿನಾರು ವರ್ಷ ಕಳೆದದ್ದು ನನ್ನ ತಪ್ಪು.

ಈಗ ಕೇಳು. ನಿನ್ನ ಮೇ 21ರ ಕಾಗದದಲ್ಲಿ ಭುಜ ಬಿದ್ದಿರುವಾಗ ಬೆರಳಿಗೆ ಆಜ್ಞೆ ಕೊಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ಎಂದು ಬರೆದಿದ್ದೆ. ಡಾಕ್ಟರಮ್ಮ ಅದೇ ಮಾತನ್ನು ಮೂರು ತಿಂಗಳಿಂದ ಹೇಳುತ್ತಿದ್ದಳು, ಕೇಳಿರಲಿಲ್ಲ. ಕೈಕಾಲು ಮಾಡುವವನಿಗೆ ಅವಳೇನು ಹೇಳಿಕೊಡುವುದು ಎಂದು. ನೀನು ಹೇಳಿದ ಮೇಲೆ ಮರುದಿನ ಅವಳಿಗೆ, "ಆಯ್ತಮ್ಮ, ಭುಜದಿಂದ್ಲೇ ಮಾಡಿಸು" ಎಂದೆ. ಅವಳು ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

ಹನ್ನೆರಡು ದಿನ ಏನೂ ಇಲ್ಲ. ನಿನ್ನೆ ಮಧ್ಯಾಹ್ನ ದರ್ಜಿಯಕ್ಕ ಬೀರುವಿನ ಹಿಂದಿನಿಂದ ಆ ಬೋರ್ಡು ಎಳೆದು ಧೂಳು ಒರೆಸುತ್ತಿದ್ದಳು, ನೀನು ಬರುತ್ತೀ ಎಂದು. ನಾನು ಕೊರಡಣ್ಣನ ಎದುರು ಕೂತಿದ್ದೆ. ಬಲಗೈ ಇಲ್ಲದವರಿಬ್ಬರು ಎದುರುಬದುರು. ಡಾಕ್ಟರಮ್ಮ ನನ್ನ ಮೊಣಕೈಗೆ ಆಸರೆ ಕೊಟ್ಟು, "ಎತ್ತಿ" ಎಂದಳು. ದರ್ಜಿಯಕ್ಕನಿಗೆ ನಿನ್ನ ಕಾಗದ ಬಾಯಿಪಾಠವಾಗಿದೆ. ಅವಳು ಅಲ್ಲಿಂದಲೇ, "ಆರು ಎತ್ತು, ಯಜಮಾನ್ರೇ!" ಎಂದು ಕೂಗಿದಳು.

"ಆರು ಅಲ್ಲ ಕಣಮ್ಮ, ಒಂದು" ಎಂದೆ.

ಒಂದು, ಎತ್ತು. ಎದ್ದಿತು.

ಮಾವ